ಅಗ್ಗದ ಆಟ, ಬಿಟ್ಟಿಯ ಆಟ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ಬಡವನ ಅಭಿಲಾಷೆಗಳನ್ನು ಹಳಿಯುವುದಕ್ಕಾಗಿ ಲೋಕವು ಬಹುಕಾಲದಿಂದ ಬಳಸುತ್ತ ಬಂದಿದೆ. ಹೂವಿನ ಹಡಗಲಿಯ ಸೀಮೆಯಲ್ಲಿ ಈ ಗಾದೆಯು ತಲೆಕೆಳಗಾಗಿ ನಿಲ್ಲುತ್ತದೆ. ಅಲ್ಲಿ ಎಷ್ಟೋ ಮನೆಗಳಿಗೆ ಮಲ್ಲಿಗೆಯೇ ಹಿಟ್ಟು. ಪರರ ಜುಟ್ಟಿಗೆ ಹೂವು ಬೇಡವಾದ ದಿನ ಬೆಳೆದವನ ಒಲೆ ಉರಿಯದು. ಆದುದರಿಂದ ಬದುಕಿಗೆ ಅವಶ್ಯವಾದುದು ಇಷ್ಟು, ವಿಲಾಸವಾದುದು ಇಷ್ಟು ಎಂದು ಗೆರೆ ಎಳೆದು ಬಡವನನ್ನು ಗೆರೆಯ ಈಚೆಗೇ ನಿಲ್ಲಿಸುವವರು ಸ್ವಲ್ಪ ತಡೆದು ಯೋಚಿಸತಕ್ಕದ್ದು. ಆಟವೂ ಮಲ್ಲಿಗೆಯ ಜಾತಿಗೆ ಸೇರಿದ ವಸ್ತು. ಅದರಿಂದ ಹೊಟ್ಟೆ ತುಂಬದು, ನಿಜ. ಆದರೆ ಹೊಟ್ಟೆ ತುಂಬಿಸಿಕೊಳ್ಳುವುದಕ್ಕಾಗಿಯೇ ಹಗಲೆಲ್ಲ ದುಡಿದವನ ಮನಸ್ಸು ಸಂಜೆಗೆ ಬೇರೇನನ್ನೋ ಹಂಬಲಿಸುವುದಷ್ಟೆ. ಆ ಹಂಬಲಕ್ಕೆ ಒದಗುವುದು ಆಟ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದವು. ತುಂಗಭದ್ರೆಯು ಹಡಗಲಿ ಹರಪನಹಳ್ಳಿಗಳ ಅಂಚನ್ನು ಮುಟ್ಟಿಕೊಂಡೇ ಹರಿದರೂ ಒಳನಾಡಿನ ಬಹುಭಾಗವು ಆಕಾಶವನ್ನೇ ನೋಡಿಕೊಂಡಿರುವ ನೆಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವುದು ಈ ಸೀಮೆಗೆ ಹೊಸದಲ್ಲ. ಇಂತಹ ನೆಲದಲ್ಲಿ ಕಳೆದ ಶತಮಾನದ ಕೊನೆಯ ದಶಕದಲ್ಲಿ ಹುಡುಗರಾಗಿದ್ದವರು ಈಗ ಮಕ್ಕಳೊಂದಿಗರಾಗಿದ್ದಾರೆ. ಅಂದು ಟೀವಿಯ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಆಡಿದ ವಿಡಿಯೋ ಆಟಗಳನ್ನು ಮತ್ತೊಮ್ಮೆ ಆಡಬೇಕು, ಮಕ್ಕಳಿಗೂ ತೋರಿಸಬೇಕು ಎಂಬ ಆಸೆ ಅವರಲ್ಲಿ ಕೆಲವರಿಗೆ ಹುಟ್ಟುತ್ತದೆ. ಹೆಚ್ಚು ಹಣ ತೆರಲು ಅವರಿಂದಾಗದು; ಆದುದರಿಂದ ಅಗ್ಗದ ದಾರಿ ಯಾವುದೆಂದು ಹುಡುಕುತ್ತಾರೆ. ಹುಡುಕಿದವನಿಗೆ ದಾರಿಗಳು ಹಲವು ಕಾಣುವುವು. ಆದರೆ ಅವುಗಳಲ್ಲಿ ಹೆಚ್ಚಿನವು ಅಗ್ಗದವಲ್ಲ, ಬಿಟ್ಟಿಯವು.

ಅಗ್ಗಕ್ಕೂ ಬಿಟ್ಟಿಗೂ ಇರುವ ಅಂತರವು ಬೆಲೆಯ ಅಂತರ ಮಾತ್ರವೇ ಆಗಿದ್ದರೆ ಇಲ್ಲಿ ವಿಚಾರಕ್ಕೆ ಎಡೆಯೇ ಇರುತ್ತಿರಲಿಲ್ಲ. ಕನ್ನಡದಲ್ಲಿ ‘ಬಿಟ್ಟಿ’ ಎಂಬ ಮಾತಿಗೆ ಎರಡು ಮುಖಗಳುಂಟು. ಪಡೆಯುವವನಿಗೆ ಅದು ಬೆಲೆಯಿಲ್ಲದ ಲಾಭ. ದುಡಿಯುವವನಿಗೆ ಕೂಲಿಯಿಲ್ಲದ ಚಾಕರಿ. ಒಂದೇ ಮಾತು ಎರಡನ್ನೂ ಹೇಳುವುದು ಆಕಸ್ಮಿಕವಲ್ಲ. ಒಬ್ಬನಿಗೆ ಬಿಟ್ಟಿಯಾಗಿ ದೊರೆತುದನ್ನು ಇನ್ನೊಬ್ಬನು ಬಿಟ್ಟಿಯಾಗಿ ಮಾಡಿರಬಹುದು ಎಂಬ ಹಳ್ಳಿಗರ ಅನುಭವವೇ ಆ ಮಾತಿನೊಳಗೆ ಅಡಗಿದೆ. ಹಳೆಯ ಆಟವನ್ನು ಬೆಲೆ ಕೊಡದೆ ಪಡೆದಾಗ ಯಾರಾದರೂ ಕೂಲಿಯಿಲ್ಲದೆ ದುಡಿದಂತಾಗುವುದೆ ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಈ ಆಟಗಳು ಈ ನಾಡನ್ನು ಹೇಗೆ ಸೇರಿದುವೆಂಬುದನ್ನು ಮೊದಲು ನೋಡಬೇಕು. ಜಪಾನಿನ ನಿಂಟೆಂಡೋ ಸಂಸ್ಥೆಯು 1983ರ ಜುಲೈ ತಿಂಗಳಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. 1985ರಲ್ಲಿ ಅದೇ ಸಂಸ್ಥೆಯ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಎಂಬವರು ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ರಚಿಸಿದರು. ಕೋಜಿ ಕೊಂಡೊ ಎಂಬವರು ಅದಕ್ಕೆ ರಾಗ ಕೂಡಿಸಿದರು. ಕೊನಾಮಿ ಸಂಸ್ಥೆಯ ಕಾಂಟ್ರಾ 1987ರಲ್ಲಿ ಹೊರಬಂದಿತು. ಆದರೆ ಇವು ಬಯಲುಸೀಮೆಯ ಹುಡುಗರ ಕೈ ಸೇರಿದುದು ರಾಜಮಾರ್ಗದಿಂದಲ್ಲ. ಮೂಲ ಯಂತ್ರವನ್ನು ಅಪ್ಪಣೆಯಿಲ್ಲದೆ ಅನುಕರಿಸಿ ತಯಾರಿಸಿದ ಅಗ್ಗದ ಯಂತ್ರಗಳು 1990ರ ದಶಕದಲ್ಲಿ ಭಾರತದ ಪೇಟೆಗಳನ್ನು ಹೊಕ್ಕವು. ಆಟವನ್ನು ಒಳಗೊಂಡ ಚಪ್ಪಟೆ ಡಬ್ಬಿಗೆ ಹುಡುಗರು ‘ಕ್ಯಾಸೆಟ್ಟು’ ಎನ್ನುತ್ತಿದ್ದರು. ಅದರ ಮೇಲೆ 9999 ಆಟಗಳೆಂದು ಅಚ್ಚಾಗಿರುವುದು. ಒಳಗೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುವುವು. ಅದು ಓಡದಿದ್ದರೆ ಬಾಯಿಂದ ಊದಿ ತಿರುಗಿ ಸಿಕ್ಕಿಸುವರು. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ, ಕುರುವತ್ತಿಯ ಶಿವರಾತ್ರಿ ಮೊದಲಾದ ನೆರವಿಗಳಿಗೆ ಬರುವಂತಹ ಆಟಿಕೆಯ ಅಂಗಡಿಗಳಲ್ಲಿ, ಮೇಲಿನಿಂದ ಇಟ್ಟಿಗೆಗಳು ಬೀಳುವ ಕೈಯಾಟದ ಯಂತ್ರವೊಂದು ಪೀಪಿ ಬುಗುರಿಗಳ ನಡುವೆ ಕಾಣಿಸಿಕೊಂಡಿತು. ಅದರ ಮೂಲವಾದ ಟೆಟ್ರಿಸ್ ಆಟವನ್ನು ಮಾಸ್ಕೋ ನಗರದ ಅಲೆಕ್ಸಿ ಪಜಿಟ್ನೊವ್ ಎಂಬವರು 1984ರಲ್ಲಿ ರಚಿಸಿದರು. ಆಟವು ಜಗತ್ತನ್ನೆಲ್ಲ ಸುತ್ತಿ ಬಂದರೂ ಅದರ ಸಂಭಾವನೆಯು ಅವರ ಕೈಗೆ ಬರತೊಡಗಿದುದು 1996ರ ಬಳಿಕ. ಅಲ್ಲಿಯವರೆಗೆ ಅವರ ಆಟ ಲೋಕಕ್ಕೆ ಮಾರಾಟದ ವಸ್ತುವಾಗಿದ್ದರೂ ಅವರ ಪಾಲಿಗೆ ಬಿಟ್ಟಿಯ ಚಾಕರಿಯೇ ಆಗಿತ್ತು. ಬೆಲೆ ತೆತ್ತ ಮಾತ್ರಕ್ಕೆ ಅದು ದುಡಿದವನನ್ನು ಮುಟ್ಟಿತೆಂದು ತಿಳಿಯುವುದಕ್ಕೆ ಆಧಾರವಿಲ್ಲವೆಂಬುದನ್ನು ಇದರಿಂದ ಕಾಣಬಹುದು.

ಅಂದು ಆಡಿದ ಹುಡುಗನ ಮೇಲೆ ದೋಷವುಂಟೆ? ಅವನು ಮೂಲವನ್ನು ನೋಡಿಯೇ ಇರಲಿಲ್ಲ. ನಕಲೆಂಬುದು ಅವನಿಗೆ ತಿಳಿದಿರಲಿಲ್ಲ. ಅವನ ತಂದೆ ಅಂಗಡಿಯವನು ಹೇಳಿದ ಬೆಲೆಯನ್ನೇ ತೆತ್ತಿದ್ದನು. ಅರಿಯದೆ ಮಾಡಿದುದನ್ನು ಕಳವು ಎನ್ನುವುದು ಕಠೋರ. ಆದರೆ ಆ ಹುಡುಗನು ಈಗ ನಾಲ್ವತ್ತರ ಆಸುಪಾಸಿನಲ್ಲಿದ್ದಾನೆ. ಯಾವುದು ಮೂಲ, ಯಾವುದು ನಕಲು ಎಂಬುದನ್ನು ಬಲ್ಲನು. ಅಂದಿನ ಅಜ್ಞಾನವು ಇಂದಿನ ಸಮರ್ಥನೆಯಾಗಲಾರದು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪ ಏಳುತ್ತದೆ. ಅದೇ ಜಿಲ್ಲೆಯ ಹಂಪೆಯಲ್ಲಿ ಬಂಡೆಗಳ ಮೇಲೂ ಮಂಟಪಗಳ ನೆಲಗಲ್ಲಿನ ಮೇಲೂ ಆಟದ ಮನೆಗಳನ್ನು ಕೊರೆದಿರುವುದನ್ನು ಈಗಲೂ ನೋಡಬಹುದು. ಕೊರೆದವನ ಹೆಸರು ಯಾರಿಗೂ ತಿಳಿಯದು. ಹುಲಿ-ಕುರಿಯ ಆಟಕ್ಕೆ ಬೇಕಾದುದು ನೆಲದ ಮೇಲೆ ನಾಲ್ಕಾರು ಗೆರೆ, ಹಿಡಿಯಷ್ಟು ಹರಳು. ಚೌಕಾಬಾರಕ್ಕೆ ಸುಣ್ಣದ ತುಂಡೊಂದು ಸಾಕು. ಕವಡೆ ಸಿಕ್ಕದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ತೇಯ್ದು ದಾಳವಾಗಿಸುವರು. ಒಡೆದ ಬಳೆಯ ಚೂರೇ ಕಾಯಿ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ರಚಿಸಿ ಅದರ ಐದು ವಿಂಶತಿಗಳಲ್ಲಿ ಎರಡನ್ನು ವಿನೋದಕ್ಕೂ ಕ್ರೀಡೆಗೂ ಮೀಸಲಿಟ್ಟನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಲಗೆಯಾಟಗಳನ್ನೇ ಕಲ್ಪಿಸಿದರು. ಆದರೂ ಆಡುವವನಿಂದ ಬೆಲೆ ಕೇಳುವ ಒಡೆಯನು ಆಟಕ್ಕೆ ಇರಲಿಲ್ಲ. ಆಟವು ಹುಟ್ಟಿನಿಂದಲೇ ಸಾರ್ವಜನಿಕವಾದುದು. ಹುಲಿ-ಕುರಿಗೆ ಇಲ್ಲದ ಬೀಗವು ಮಾರಿಯೋವಿಗೆ ಮಾತ್ರ ಏಕೆ ಎಂದು ಆಕ್ಷೇಪಕನು ಕೇಳಬಹುದು.

ಆಕ್ಷೇಪದ ಅರ್ಧವು ಸತ್ಯ. ಆಟದಲ್ಲಿ ಎರಡು ಅಂಶಗಳುಂಟು: ಕಟ್ಟಳೆ ಒಂದು, ರೂಪ ಇನ್ನೊಂದು. ಹುಲಿ ಹೇಗೆ ಹಾರಬೇಕು, ಕುರಿ ಹೇಗೆ ಕಟ್ಟಿಹಾಕಬೇಕು ಎಂಬುದು ಕಟ್ಟಳೆ, ಅದಕ್ಕೆ ಒಡೆಯನಿಲ್ಲ. ಭಾವನೆಗೂ ವಸ್ತುವಿಗೂ ಕಥೆಯ ಹಂದರಕ್ಕೂ ಕೃತಿಸ್ವಾಮ್ಯವಿಲ್ಲ, ಅವುಗಳನ್ನು ಮೂಡಿಸಿದ ರೂಪಕ್ಕೆ ಮಾತ್ರ ಉಂಟು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವೂ 1978ರಲ್ಲಿ ಆರ್. ಜಿ. ಆನಂದ್ ಅವರ ನಾಟಕದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಓಡುವುದು, ಹಾರುವುದು, ಹೊಂಡವನ್ನು ದಾಟುವುದು ಎಂಬಷ್ಟನ್ನು ಯಾರು ಬೇಕಾದರೂ ಆಟವಾಗಿಸಬಹುದು. ಆದರೆ ಈ ಮೀಸೆಯ ಕೊಳಾಯಿಗಾರ, ಈ ರಾಗ, ಈ ಹೊಂಡದ ಪಕ್ಕದಲ್ಲಿಯೇ ಈ ಇಟ್ಟಿಗೆ ಎಂಬ ಏರ್ಪಾಟು ನಿರ್ದಿಷ್ಟವಾದ ಕೆಲವರು ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸ. ಹಂಪೆಯ ಕಲ್ಲಿನ ಮನೆಯನ್ನು ನೋಡಿ ಕೊಟ್ಟೂರಿನ ಕಟ್ಟೆಯ ಮೇಲೆ ಅದೇ ಗೆರೆಗಳನ್ನು ಎಳೆಯುವವನು ತಾನೇ ಬಗ್ಗಿ ಎಳೆಯುತ್ತಾನೆ. ವಿಡಿಯೋ ಆಟವನ್ನು ನಕಲು ಮಾಡುವವನು ಒಂದು ಗೆರೆಯನ್ನೂ ಎಳೆಯುವುದಿಲ್ಲ; ಎಳೆದವನ ಕೈಯನ್ನೇ ಹೊತ್ತು ತರುತ್ತಾನೆ.

ಇಷ್ಟು ಹೇಳಿದ ಮಾತ್ರಕ್ಕೆ ವಿಷಯವು ಮುಗಿಯದು. ಸುಮಾರು ಹದಿನೈದು ವರ್ಷಗಳ ಹಿಂದೆ ಸಣ್ಣ ಪೇಟೆಗಳ ಮೊಬೈಲು ಅಂಗಡಿಗಳಲ್ಲಿ ಒಂದು ವ್ಯಾಪಾರ ಬಲವಾಗಿ ನಡೆಯುತ್ತಿತ್ತು. ಗಿರಾಕಿಯು ತನ್ನ ಮೆಮೊರಿ ಕಾರ್ಡನ್ನು ಕೊಟ್ಟರೆ ಅಂಗಡಿಯವನು ಹತ್ತಿಪ್ಪತ್ತು ರೂಪಾಯಿಗೆ ಅದರ ತುಂಬ ಹಾಡು, ಸಿನಿಮಾ, ಆಟಗಳನ್ನು ತುಂಬಿಸಿಕೊಡುವನು. ಅಂತಹ ಅಂಗಡಿಯವನನ್ನು ಕೇಳಿದರೆ ಅವನು ತಾನು ಆಟವನ್ನು ಮಾರಿಲ್ಲವೆಂದೂ ತುಂಬಿಸಿದ ಶ್ರಮಕ್ಕೆ ಕೂಲಿ ತೆಗೆದುಕೊಂಡೆನೆಂದೂ ಹೇಳಬಹುದು. ನಗೆ ಬರುವ ವಾದವಲ್ಲ ಇದು. ತಾಳೆಗರಿಯ ಕಾಲದಲ್ಲಿ ಲಿಪಿಕಾರನೂ ಇದನ್ನೇ ಮಾಡುತ್ತಿದ್ದನು. ಕವಿಯನ್ನು ಕೇಳದೆ ಕಾವ್ಯವನ್ನು ಪ್ರತಿಮಾಡಿ, ಪ್ರತಿಮಾಡಿದ ಶ್ರಮಕ್ಕೆ ಕೂಲಿ ಪಡೆಯುತ್ತಿದ್ದನು. ಅವನನ್ನು ಕಳ್ಳನೆಂದು ಯಾರೂ ಕರೆಯಲಿಲ್ಲ; ಅವನಿಲ್ಲದಿದ್ದರೆ ಹಳೆಗನ್ನಡದ ಕಾವ್ಯಗಳು ಉಳಿದು ಬರುತ್ತಲೇ ಇರಲಿಲ್ಲ. ಒಂದೇ ಕೆಲಸವು ಅಂದು ಪುಣ್ಯವಾಗಿ ಇಂದು ಅಪರಾಧವಾದುದು ಹೇಗೆ?

ಕವಿಯ ಜೀವನವು ಪ್ರತಿಗಳ ಮಾರಾಟದ ಮೇಲೆ ನಿಂತಿರಲಿಲ್ಲವೆಂಬುದೇ ಉತ್ತರ. ಅವನಿಗೆ ಅರಸನ ಅಥವಾ ಮಠದ ಆಶ್ರಯವಿತ್ತು. ಪ್ರತಿಯೊಂದು ನಕಲೂ ಅವನ ಕೀರ್ತಿಗೆ ಸೇರುತ್ತಿತ್ತೇ ಹೊರತು ಅವನ ಅನ್ನದಿಂದ ಕಳೆಯುತ್ತಿರಲಿಲ್ಲ. ಇಂದಿನ ಆಟಗಾರಿಕೆಯ ರಚನಕಾರನಿಗೆ ಅರಸನಿಲ್ಲ. ಸಾವಿರಾರು ಜನ ಕೊಡುವ ಸಣ್ಣ ಸಣ್ಣ ಬೆಲೆಯೇ ಅವನ ಅರಸು. ಆದುದರಿಂದ ನಕಲು ಮಾಡುವ ಕ್ರಿಯೆಯಲ್ಲಿಯೇ ಪಾಪಪುಣ್ಯಗಳಿಲ್ಲ. ಆ ನಕಲಿನ ಮೇಲೆ ಯಾರ ಕೂಲಿ ನಿಂತಿದೆ ಎಂಬುದರಲ್ಲಿ ಅವು ಇವೆ. ಈಗಲೂ ನ್ಯಾಯವಾದ ಬೆಲೆಗೆ ದೊರೆಯುವ ಆಟವನ್ನು, ಕೊಡಬಲ್ಲವನು ಕೊಡದೆ ಪಡೆದರೆ ಅದು ಬಿಟ್ಟಿಯ ಚಾಕರಿ ಮಾಡಿಸಿಕೊಂಡಂತೆಯೇ ಸರಿ. ಕೊಡಲಾರದವನು ಏನು ಮಾಡಬೇಕು? ದೂರದ ದೇಶದ ಡಾಲರಿನಲ್ಲಿ ಕಟ್ಟಿದ ಬೆಲೆಯು ಕೂಡ್ಲಿಗಿಯ ಕೂಲಿಕಾರನಿಗೆ ನ್ಯಾಯವಾಗಿರಬೇಕೆಂಬ ನಿಯಮವೇನೂ ಇಲ್ಲ. ಅವನು ಕಾಯಬಹುದು, ಹಳೆಯ ಆಟಗಳ ಬೆಲೆಯನ್ನು ವರ್ಷಕ್ಕೆ ಹಲವು ಬಾರಿ ತಗ್ಗಿಸುವ ವ್ಯಾಪಾರಿಗಳುಂಟು. ಕಾಯದೆ ನಕಲನ್ನೇ ಆಡಿದವನ ತಪ್ಪು ಇದ್ದರೂ ಸಣ್ಣದು. ಅದೇ ನಕಲನ್ನು ನೂರು ಜನಕ್ಕೆ ಮಾರಿ ಮನೆ ಕಟ್ಟಿಸಿದವನ ತಪ್ಪು ಸಣ್ಣದಲ್ಲ. ಏಕೆಂದರೆ ಗಿರಾಕಿಯು ಅವನ ಬಳಿಗೆ ಬಂದುದು ತುಂಬಿಸುವ ಶ್ರಮವನ್ನು ಮೆಚ್ಚಿಕೊಂಡಲ್ಲ.

ಇನ್ನು, ಯಾರೂ ಮಾರದ ಆಟಗಳ ಮಾತು. ಇದೇ ಈ ವಿಷಯದ ನಡುಗಂಟು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕಿಂತ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರಾಟದಲ್ಲಿಯೇ ಇಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ನಿಂಟೆಂಡೋ ಸಂಸ್ಥೆಯು ತನ್ನ ಎರಡು ಹಳೆಯ ಯಂತ್ರಗಳ ವಿದ್ಯುನ್ಮಳಿಗೆಗಳನ್ನು ಮುಚ್ಚಿತು. ಅವುಗಳಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಅಂದಿನಿಂದ ಹಣ ಕೊಟ್ಟರೂ ಹೊಸದಾಗಿ ಕೊಳ್ಳುವಂತಿಲ್ಲ. ಗ್ರಂಥಾಲಯಗಳು ಇಂತಹ ಆಟಗಳನ್ನು ದೂರದಲ್ಲಿರುವ ಸಂಶೋಧಕರಿಗೆ ಒದಗಿಸಲು ಅನುಮತಿ ಬೇಡಿದಾಗ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು 2024ರಲ್ಲಿ ನಿರಾಕರಿಸಿತು. ಭಾರತದಲ್ಲಿ 1957ರ ಕಾನೂನು ಗಣಕದ ಕ್ರಮಲೇಖವನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸುತ್ತದೆ. ಅದರ ರಕ್ಷಣೆ ಕರ್ತೃವಿನ ಮರಣಾನಂತರ 60 ವರ್ಷ. ಮೊದಲು ಇದು 50 ವರ್ಷವೇ ಆಗಿತ್ತು. 1941ರಲ್ಲಿ ದೈವಾಧೀನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ತೀರುವ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಕೂಡಿಸಿದರು. ಮಿಯಾಮೊಟೊ ಅವರು 1952ರಲ್ಲಿ ಜನಿಸಿದವರು, ಈಗಲೂ ಕೆಲಸದಲ್ಲಿರುವವರು. ಅವರ ಆಟವು ಸಾರ್ವಜನಿಕವಾಗುವ ಹೊತ್ತಿಗೆ ಅದನ್ನು ಬಾಲ್ಯದಲ್ಲಿ ಆಡಿದವರಲ್ಲಿ ಒಬ್ಬರೂ ಉಳಿದಿರಲಾರರು. ಕ್ಯಾಸೆಟ್ಟಾಗಲಿ ತಟ್ಟೆಯಾಗಲಿ ಅಷ್ಟು ಕಾಲ ಬಾಳುವುದೆಂಬ ಭರವಸೆಯೂ ಇಲ್ಲ. ಹಂಪೆಯ ಕಲ್ಲು ಐದುನೂರು ವರ್ಷ ತಾಳಿತು; ಇವು ಕಲ್ಲಲ್ಲ.

ಇಂತಹ ಸ್ಥಿತಿಯಲ್ಲಿ ನಕಲು ಮಾಡುವವನು ಪುನಃ ಲಿಪಿಕಾರನ ಸ್ಥಾನಕ್ಕೆ ಬರುತ್ತಾನೆ. ಮಾರುವವನೇ ಇಲ್ಲದ ಕಡೆ ಕೊಳ್ಳಲಿಲ್ಲವೆಂದು ದೂರುವುದು ಹೇಗೆ? ಅಲ್ಲಿ ಯಾರ ಕೂಲಿಯೂ ನಿಲ್ಲುವುದಿಲ್ಲ. ತಾನೂ ಮಾರದೆ ಇತರರಿಗೂ ಬಿಡದೆ ಉಗ್ರಾಣಕ್ಕೆ ಬೀಗ ಹಾಕಿ, ಒಳಗಿನ ಧಾನ್ಯವು ಹುಳಿತರೂ ಕದ ತೆರೆಯದ ಧನಿಕನನ್ನು ಬರಗಾಲದ ಸೀಮೆಯ ಜನ ಚೆನ್ನಾಗಿ ಬಲ್ಲರು. ಕಾಗದಪತ್ರಗಳೆಲ್ಲ ಅವನ ಪರವಾಗಿದ್ದರೂ ಊರಿನ ಮನಸ್ಸು ಅವನ ಪರವಾಗಿರುವುದಿಲ್ಲ. ಹಾಗೆಂದು ಕಾನೂನು ಇಲ್ಲವೆಂದಾಗಲಿಲ್ಲ. ಮೂಲ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಎಂಬ ಸಾಧನವು ಅದಾಗಿಯೇ ತಪ್ಪಲ್ಲವೆಂಬ ಅಭಿಪ್ರಾಯಕ್ಕೆ ಅಮೆರಿಕದ ನ್ಯಾಯಾಲಯವು 2000ದಲ್ಲಿ ಸೋನಿ ಹಾಗೂ ಕನೆಕ್ಟಿಕ್ಸ್ ಸಂಸ್ಥೆಗಳ ವ್ಯಾಜ್ಯದಲ್ಲಿ ಬೆಂಬಲ ಕೊಟ್ಟಿತು. ನ್ಯಾಯವಾಗಿ ಕೊಂಡ ಕ್ರಮಲೇಖವು ಕೆಡದಂತೆ ಒಂದು ಮರುಪ್ರತಿಯನ್ನು ಇಟ್ಟುಕೊಳ್ಳಲು ಭಾರತದ ಕಾನೂನೂ ಒಪ್ಪುತ್ತದೆ. ಅದಕ್ಕಿಂತ ಆಚೆಗೆ ಹೋದವನು ಕಾನೂನಿನ ಗೆರೆಯನ್ನು ದಾಟಿದನೆಂದು ತಿಳಿದೇ ದಾಟಬೇಕು. ಮಾಡಿದುದನ್ನು ಧರ್ಮಕಾರ್ಯವೆಂದು ಡಂಗುರ ಹೊಡೆಸುವುದು ಬೇಡ. ಅದರಿಂದ ಒಂದು ಕಾಸನ್ನೂ ಗಳಿಸಕೂಡದು.

ಆದರೆ ಗೆರೆಯನ್ನು ದಾಟುವ ಅಗತ್ಯವು ಹೇಳುವಷ್ಟು ದೊಡ್ಡದೆ ಎಂದು ವಿಚಾರಿಸಿದರೆ ಅಗ್ಗವಾಗಿಯೂ ನ್ಯಾಯವಾಗಿಯೂ ಇರುವ ದಾರಿಗಳು ಕಡಿಮೆಯಿಲ್ಲ. ಬಿಟ್ಟಿಯಾಗಿ ಕೊಡುವುದಕ್ಕೂ ಬಿಟ್ಟಿಯಾಗಿ ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸವಿದೆಯಷ್ಟೆ. ತಾವಾಗಿಯೇ ಕೊಟ್ಟವರೂ ಉಂಟು. ಜಪಾನಿನ ದೈಸುಕೆ ಅಮಾಯಾ ಎಂಬವರು ಹಳೆಯ ಮಾದರಿಯಲ್ಲಿ ಒಬ್ಬರೇ ರಚಿಸಿದ ಕೇವ್ ಸ್ಟೋರಿ ಆಟವನ್ನು 2004ರಲ್ಲಿ ಉಚಿತವಾಗಿಯೇ ಲೋಕಕ್ಕೆ ಕೊಟ್ಟರು. 1994ರ ಬಿನೀತ್ ಎ ಸ್ಟೀಲ್ ಸ್ಕೈ ಎಂಬ ಆಟವನ್ನು ಅದರ ಒಡೆಯರೇ 2003ರಲ್ಲಿ ಬಿಡುಗಡೆಮಾಡಿದರು. 1993ರ ಡೂಮ್ ಆಟದ ಒಳಗಿನ ಕ್ರಮಲೇಖವು 1997ರಲ್ಲಿ ಸಾರ್ವಜನಿಕವಾಯಿತು. ಚಿತ್ರ ಧ್ವನಿಗಳು ಒಡೆಯರಲ್ಲಿಯೇ ಉಳಿದುದರಿಂದ ಅವುಗಳ ಬದಲಿಗೆ ಹೊಸ ಚಿತ್ರ ಧ್ವನಿಗಳನ್ನು ತಾವೇ ರಚಿಸಿ ಫ್ರೀಡೂಮ್ ಎಂದು ಹಂಚಿದವರು ಉಂಟು. ಇವರು ಹಂಪೆಯ ಗೆರೆಯನ್ನು ನೋಡಿ ತಮ್ಮ ಕಟ್ಟೆಯ ಮೇಲೆ ತಾವೇ ಬಗ್ಗಿ ಎಳೆದವರು. ಕಚೇರಿಗಳು ಕೈಬಿಟ್ಟ ಹಳೆಯ ಕಂಪ್ಯೂಟರೊಂದು ಇವನ್ನೆಲ್ಲ ಸಲೀಸಾಗಿ ಓಡಿಸುವುದು. ಅದೂ ಇಲ್ಲವಾದರೆ ಮೂಲೆಗೆ ಬಿದ್ದ ನೋಕಿಯಾ ಫೋನನ್ನು ತೆಗೆಯಬಹುದು. 1997ರಲ್ಲಿ ಮೊದಲು ಬಂದ ಹಾವಿನ ಆಟದ ತಮ್ಮನು ಅದರಲ್ಲಿದ್ದಾನೆ, ಅವನ ಬೆಲೆಯನ್ನು ಫೋನು ಕೊಂಡ ದಿನವೇ ತೆತ್ತಾಗಿದೆ.

ಮೂಲ ಯಂತ್ರವೇ ಬೇಕು, ಮೂಲ ಕ್ಯಾಸೆಟ್ಟೇ ಬೇಕು ಎಂಬ ಹಟವು ಮಾತ್ರ ಅಗ್ಗದ ದಾರಿಯಲ್ಲಿ ಈಡೇರದು. ಆ ಹಟವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ 2021ರ ಜುಲೈ ತಿಂಗಳಿನ ಒಂದು ಹರಾಜು ಸಾಕ್ಷಿ. ಅಮೆರಿಕದಲ್ಲಿ ಸೂಪರ್ ಮಾರಿಯೋ 64 ಎಂಬ ಆಟದ, ಮುದ್ರೆ ಒಡೆಯದ ಒಂದು ಪ್ರತಿಯು 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಮುದ್ರೆಯನ್ನು ಒಡೆದರೆ ಆ ಬೆಲೆ ನಿಲ್ಲದು. ಆದುದರಿಂದ ಕೊಂಡವನು ಅದನ್ನು ಆಡುವಂತಿಲ್ಲ. ಆಡದೆ ಇದ್ದುದರಿಂದಲೇ ಬೆಲೆಯುಳ್ಳ ಆಟವೆಂದರೆ ಕೊಟ್ಟೂರಿನ ಕಟ್ಟೆಯ ಮೇಲೆ ಚೌಕಾಬಾರ ಆಡುವ ಮುದುಕನಿಗೆ ಅರ್ಥವಾಗುವಂತೆ ಹೇಳುವುದು ಕಷ್ಟ. ಹಳೆಯ ಆಟಗಳು ಹುಟ್ಟಿದುದು ಇಂತಹ ಮನೋಭಾವದಿಂದಲ್ಲ. ನಿಂಟೆಂಡೋ ಸಂಸ್ಥೆಯಲ್ಲಿದ್ದ ಗುಂಪೈ ಯೊಕೊಯ್ ಎಂಬವರು ಹೊಚ್ಚ ಹೊಸ ತಂತ್ರದ ಹಿಂದೆ ಓಡದೆ, ಬಾಡಿ ಅಗ್ಗವಾದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂಬ ಮತದವರಾಗಿದ್ದರು. ಎದುರಾಳಿಗಳು ಬಣ್ಣದ ತೆರೆಯ ಯಂತ್ರಗಳನ್ನು ಮಾಡುತ್ತಿದ್ದಾಗ ಅವರು 1989ರಲ್ಲಿ ಬಣ್ಣವಿಲ್ಲದ ತೆರೆಯ ಗೇಮ್ ಬಾಯ್ ಯಂತ್ರವನ್ನು ತಂದರು. ಅದು ನಾಲ್ಕು ಸೆಲ್ಲುಗಳ ಮೇಲೆ ಬಹುಕಾಲ ಓಡುತ್ತಿತ್ತು, ಎದುರಾಳಿಗಳಿಗಿಂತ ಹೆಚ್ಚು ಕಾಲ ಬಾಳಿತು. ಬಾಡಿದ ಮಲ್ಲಿಗೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಬಾಡಿದ ತಂತ್ರಕ್ಕೆ ಹಾಗಲ್ಲ.

ಇನ್ನೊಂದು ದಾರಿಯನ್ನು ಈ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಯಂತ್ರವನ್ನೂ ಮೂರು ನ್ಯಾಯವಾದ ಆಟಗಳನ್ನೂ ಕೊಂಡರೆ ಒಬ್ಬೊಬ್ಬನ ಪಾಲಿಗೆ ಬೀಳುವ ಹೊರೆ ಕಾಲುಭಾಗ. ಕೊಂಡ ಕ್ಯಾಸೆಟ್ಟನ್ನು ನೆರೆಯವನಿಗೆ ಕಡ ಕೊಡುವುದು ನಕಲಲ್ಲ. ಅಂದು ಹುಡುಗರು ಹಾಗೆಯೇ ಮಾಡುತ್ತಿದ್ದರು. ಒಂದು ತೆರೆಯ ಮುಂದೆ ಏಳೆಂಟು ಮಕ್ಕಳು ಚಾಪೆಯ ಮೇಲೆ ಕುಳಿತು, ಇಬ್ಬರು ಆಡುವಾಗ ಉಳಿದವರು ಕೂಗಿ ದಾರಿ ತೋರಿಸುತ್ತ, ಒಂದು ಜೀವ ಹೋದೊಡನೆ ಕೈಯ ಗುಂಡಿಯನ್ನು ಪಕ್ಕದವನಿಗೆ ಒಪ್ಪಿಸಬೇಕೆಂಬ ಕಟ್ಟಳೆಯನ್ನು ತಾವೇ ಮಾಡಿಕೊಂಡಿದ್ದರು. ಆ ಕಟ್ಟಳೆಯು ಯಾವ ಕ್ಯಾಸೆಟ್ಟಿನೊಳಗೂ ಬರೆದುದಲ್ಲ. ನಲ್ವತ್ತರ ತಂದೆಯು ಈಗ ಏಕಾಂತದಲ್ಲಿ ಬಿಟ್ಟಿಯಾಗಿ ಇಳಿಸಿಕೊಂಡ ಸಾವಿರ ಆಟಗಳಲ್ಲಿ ಒಂದನ್ನೂ ಕೊನೆಮುಟ್ಟಿಸದೆ ಬೆರಳಾಡಿಸುತ್ತ ಕುಳಿತಿದ್ದರೆ, ಅವನಿಗೆ ಸಿಕ್ಕದಿರುವುದು ಬಹುಶಃ ಆಟವಲ್ಲ. ಸರದಿಗಾಗಿ ಪಕ್ಕದಲ್ಲಿ ಕಾದು ಕುಳಿತವನು.